ನಾಲ್ಕನೇ ರೀಲು, ಐದನೇ ರೀಲು

ಚಿತ್ರ ಭಂಡಾರದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಮೇಲಧಿಕಾರಿಯಿಂದ ಹಿಡಿದು ಗೇಟಿನವನವರೆಗೆ ಎಲ್ಲರಿಗೂ ಅವಳು ರೀಲಕ್ಕ. ಹಳೆಯ ಸಿನಿಮಾ ಪ್ರತಿಗಳನ್ನು ಡಬ್ಬಿಯಿಂದ ತೆಗೆದು, ಹರಿದಲ್ಲಿ ಅಂಟಿಸಿ, ಧೂಳು ಒರೆಸಿ, ಮತ್ತೆ ಡಬ್ಬಿಗೆ ಸೇರಿಸುವುದು ಅವಳ ಕೆಲಸ. ಕಿಟಕಿಯಿಲ್ಲದ ಕೋಣೆ, ಉದ್ದನೆಯ ಮೇಜು, ಅದರ ಎರಡು ತುದಿಗೆ ತಿರುಗುವ ಎರಡು ತಟ್ಟೆ, ನಡುವೆ ಕೆಳಗಿನಿಂದ ಬೆಳಕು ಬರುವ ಗಾಜು. ಎಡಗೈಯಲ್ಲಿ ಫಿಲ್ಮಿನ ಅಂಚು ಹಿಡಿದು ಬಲಗೈಯಲ್ಲಿ ಹಿಡಿಕೆ ತಿರುಗಿಸುತ್ತಿದ್ದಳು. ಅಂಚಿನ ಒಂದು ತೂತು ಕೂದಲೆಳೆಯಷ್ಟು ಸೀಳಿದ್ದರೂ ಗ್ಲೌಸಿನೊಳಗಿನ ಬೆರಳಿಗೆ ಗೊತ್ತಾಗುತ್ತಿತ್ತು. ಮೂವತ್ತೊಂದು ವರ್ಷ ಹೀಗೆ ಕಳೆದಿದ್ದಳು. ರೀಲಕ್ಕ ಮುಟ್ಟಿದ ಪ್ರತಿಯಲ್ಲಿ ತಪ್ಪಿರುವುದಿಲ್ಲ ಎಂಬುದು ಅಲ್ಲಿ ಗೋಡೆಗೆ ಬರೆದಿಟ್ಟಂಥ ಮಾತಾಗಿತ್ತು.

ಗಂಡ ತೀರಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಆಗ ಅವಳಿಗೆ ಅಳು ಬಂದಿರಲಿಲ್ಲ. ಆಮೇಲೆ ಬರಬಹುದೆಂದು ಕಾದಳು. ಬರಲಿಲ್ಲ. ಕೈ ಜೋಮು ಹಿಡಿದಾಗ ಅದು ತನ್ನದೇ ಕೈ ಎಂದು ಗೊತ್ತಿರುತ್ತದೆ, ಆದರೆ ಚಿವುಟಿದರೆ ತಿಳಿಯುವುದಿಲ್ಲ, ಹಾಗೇ ಇದ್ದುಬಿಟ್ಟಳು. ಅಡುಗೆ ಮಾಡಿದಳು, ಮಗಳನ್ನು ಓದಿಸಿದಳು, ಮದುವೆ ಮಾಡಿ ಕಳಿಸಿದಳು. "ಅಮ್ಮ, ನಿನಗೆ ಯಾವುದಾದ್ರೂ ಇಷ್ಟ ಅನ್ನೋದಿದ್ಯಾ?" ಎಂದು ಮಗಳು ಕೇಳಿದರೆ, "ಇರಬಹುದು, ನೋಡಿ ಹೇಳ್ತೀನಿ" ಎನ್ನುತ್ತಿದ್ದಳು.

ಭಂಡಾರದ ದೊಡ್ಡ ಆಸ್ತಿಯೆಂದರೆ ಜಪಾನಿನ ಒಬ್ಬ ಹಿರಿಯ ನಿರ್ದೇಶಕನ ಸಿನಿಮಾ. ಅವನು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಕೊಡೆ ರಿಪೇರಿಯವನೊಬ್ಬ ಮತ್ತು ಅವನ ಮೂವರು ಹೆಣ್ಣುಮಕ್ಕಳ ಕಥೆ, ಒಟ್ಟು ಆರು ರೀಲು. ಆ ಸೀಮೆಗೆಲ್ಲ ಅದೊಂದೇ ಪ್ರತಿ. ಅದರ ಐದನೇ ಭಾಗವೇ ಪ್ರಸಿದ್ಧ. ನಾಲ್ಕರಲ್ಲಿ ಅಪ್ಪ ಸಾಯುತ್ತಾನೆ. ಐದರಲ್ಲಿ ಅದೇ ಅಪ್ಪ ಜಗುಲಿಯಲ್ಲಿ ಕೂತು ಕಾಲುಗುರು ಕತ್ತರಿಸುತ್ತ, ಬಟ್ಟೆ ಹೊಲಿಯುತ್ತಿರುವ ನಡುವಣ ಮಗಳನ್ನು, "ಇವತ್ತು ಮಳೆ ಬರುತ್ತಾ?" ಎಂದು ಕೇಳುತ್ತಾನೆ. ಮಗಳು ತಲೆಯೆತ್ತುವುದಿಲ್ಲ. ಅಪ್ಪ ಮತ್ತೊಮ್ಮೆ ಕೇಳುತ್ತಾನೆ. ಅವಳು ಹೊಲಿಯುತ್ತಲೇ ಇರುತ್ತಾಳೆ. ಪ್ರತಿ ಪ್ರದರ್ಶನದಲ್ಲೂ ಅಲ್ಲಿ ಜನ ಮೂಗೊರೆಸಿಕೊಳ್ಳುತ್ತಿದ್ದರು. ಕಾಲೇಜಿನಲ್ಲಿ ಸಿನಿಮಾ ಪಾಠ ಹೇಳುತ್ತಿದ್ದ ಮೇಷ್ಟ್ರು, ಸತ್ತವರ ದನಿ ಬದುಕಿದವರಿಗೆ ಕೇಳಿಸದಿರುವ ಆ ನಾಲ್ಕು ನಿಮಿಷದ ಮೇಲೆ ಒಂದಿಡೀ ಪುಸ್ತಕ ಬರೆದರು. ಅವರ ಶಿಷ್ಯರು ಸಿನಿಮಾ ಮಾಡಿದರು, ಶಿಷ್ಯರ ಶಿಷ್ಯರೂ ಮಾಡಿದರು. ಎಲ್ಲರ ಸಿನಿಮಾದಲ್ಲೂ ಸತ್ತವರೊಬ್ಬರು ಬಂದು ಕುರ್ಚಿ ಎಳೆದು ಕೂರುವುದು ಖಾಯಮಾಯಿತು.

"ನಮ್ಮವರ ಸಿನಿಮಾದಲ್ಲಿ ಬದುಕಿರೋರಿಗಿಂತ ಸತ್ತೋರಿಗೇ ಜಾಸ್ತಿ ಕೆಲಸ ಕಣಕ್ಕ" ಎಂದು ಪ್ರೊಜೆಕ್ಟರ್ ನಡೆಸುವವನು ನಗುತ್ತಿದ್ದ.

ಆ ಗುರುವಾರ ಕಂಪ್ಯೂಟರಿನಲ್ಲಿ ಶುದ್ಧಗೊಳಿಸಿದ ಹೊಸ ಪ್ರತಿ ಜಪಾನಿನಿಂದ ಬಂತು. ಭಾನುವಾರ ಬೆಳಿಗ್ಗೆ ಪ್ರದರ್ಶನ, ಅದಕ್ಕೂ ಮುಂಚೆ ಮೇಷ್ಟ್ರ ಭಾಷಣ. ಹಳೆಯದಕ್ಕೂ ಹೊಸದಕ್ಕೂ ಉದ್ದ ತಾಳೆಯಾಗುತ್ತದೆಯೇ ನೋಡಲು ರೀಲಕ್ಕನಿಗೆ ಹೇಳಿದ್ದರು. ಹೊಸದು ಪರದೆಯ ಮೇಲೆ ಓಡುತ್ತಿತ್ತು, ಹಳೆಯದು ಅವಳ ಮೇಜಿನ ಮೇಲೆ. ಮೂರು ರೀಲು ಸರಿಯಾಗಿ ಕೂಡಿದವು. ನಾಲ್ಕಕ್ಕೆ ಬಂದಾಗ ಪರದೆಯ ಮೇಲೆ ಅಪ್ಪ ಕಾಲುಗುರು ಕತ್ತರಿಸತೊಡಗಿದ. ಸತ್ತೇ ಇರಲಿಲ್ಲ ಅವನು. ಸಾಯುವುದು ಐದನೆಯದರಲ್ಲಿ.

ಅವಳ ಕೈ ಹಿಡಿಕೆಯ ಮೇಲೇ ನಿಂತಿತು.

ಹಳೆಯ ಪ್ರತಿ ಬಂದಿದ್ದ ದಿನ ನೆನಪಾಯಿತು. ಪ್ರತಿ ರೀಲಿನ ಮೊದಲಿಗೆ ಸಂಖ್ಯೆ ಬರೆದಿರುವ ಖಾಲಿ ಪಟ್ಟಿ ಇರುತ್ತದೆ. ಅವೆಲ್ಲ ಹರಿದುಹೋಗಿದ್ದವು. ಹೊಸ ಪಟ್ಟಿ ಅಂಟಿಸಿ ಸಂಖ್ಯೆ ಬರೆದವಳು ಅವಳೇ. ಆ ನಿರ್ದೇಶಕನಿಗೆ ಪ್ರತಿ ಭಾಗವನ್ನೂ ಖಾಲಿ ಅಂಗಳದಿಂದ ಶುರುಮಾಡಿ ಖಾಲಿ ಅಂಗಳದಲ್ಲೇ ಮುಗಿಸುವ ಅಭ್ಯಾಸ. ಒಣಗಲು ಬಿಚ್ಚಿಟ್ಟ ಕಪ್ಪು ಕೊಡೆಗಳು, ಬೇರೇನಿಲ್ಲ. ಕೊಡೆ ಎಣಿಸಿದ್ದರೆ ತಿಳಿಯುತ್ತಿತ್ತು: ಮೂರನೆಯದರ ಕೊನೆಗೆ ಏಳು, ಉಗುರಿನ ರೀಲಿನ ಮೊದಲಿಗೂ ಏಳು, ಸಾವಿನದರ ಮೊದಲಿಗೆ ಆರು. ಅವಳು ಎಣಿಸಿರಲಿಲ್ಲ. ಅಂದು ಗಂಡ ಹೋಗಿ ನಾಲ್ಕನೇ ದಿನ.

ಭೂತಗನ್ನಡಿ ಹಿಡಿದು, ಫಿಲ್ಮಿನಲ್ಲಿ ಹೊಲಿಯುತ್ತಿದ್ದ ಹುಡುಗಿಯ ಮುಖ ನೋಡಿದಳು. ದವಡೆ ಬಿಗಿದಿತ್ತು. ಅಪ್ಪ ಎರಡನೇ ಸಲ ಕೇಳುವಾಗ ಸೂಜಿ ಇನ್ನಷ್ಟು ಜೋರಾಗಿ ಓಡುತ್ತಿತ್ತು. ಅದು ಕೇಳಿಸದವಳ ಮುಖವಲ್ಲ. ಅಂಥ ಮುಖವನ್ನು ರೀಲಕ್ಕ ಒಳಗಿನಿಂದ ಬಲ್ಲಳು. ಗಂಡ ತೀರಿಕೊಂಡ ದಿನ ಬೆಳಿಗ್ಗೆ, ಅವನು ಮೈದುನನಿಗೆ ಏಣಿ ಕೊಟ್ಟ ಒಂದು ಸಣ್ಣ ವಿಷಯಕ್ಕೆ ಮುನಿಸಿಕೊಂಡು, "ನನ್ನ ಕನ್ನಡಕ ಎಲ್ಲಿಟ್ಟೆ?" ಎಂದು ಅವನು ಎರಡು ಸಲ ಕೇಳಿದರೂ ಅವಳು ಪಾತ್ರೆ ತಿಕ್ಕುತ್ತಲೇ ಇದ್ದಳು. ಅವನು ಕನ್ನಡಕವಿಲ್ಲದೆ ಕೆಲಸಕ್ಕೆ ಹೋದ. ಮಧ್ಯಾಹ್ನ ಅಲ್ಲೇ ಎದೆ ಹಿಡಿದುಕೊಂಡು ಕುಸಿದನಂತೆ.

ಪ್ರೊಜೆಕ್ಟರಿನವನನ್ನು ಕರೆದು ತೋರಿಸಿದಳು. ಅವನು ಎರಡು ಪ್ರತಿಯನ್ನೂ ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡ.

"ಅಯ್ಯೋ ಅಕ್ಕ, ಇಪ್ಪತ್ತೆರಡು ವರ್ಷ ಜನಾನ ತಪ್ಪು ಜಾಗದಲ್ಲಿ ಅಳಿಸಿದ್ದೀವಾ?"

"ನಾವಲ್ಲ. ನಾನು."

"ಬಾಯಿ ಮುಚ್ಕೊಂಡಿದ್ಬಿಡು. ತಪ್ಪು ಹೊಸದರಲ್ಲಿದೆ ಅಂದ್ರಾಯ್ತು. ಕಂಪ್ಯೂಟರ್ ಮೇಲೆ ಹಾಕಿದ್ರೆ ಯಾರೂ ಕೇಳಲ್ಲ, ಅದೂ ಬಾಯಿ ಬಿಡಲ್ಲ."

"ಮೇಷ್ಟ್ರು ಭಾನುವಾರ ಎದ್ದು ನಿಂತು ಇದರ ಬಗ್ಗೇನೇ ಮಾತಾಡ್ತಾರೆ. ಆಮೇಲೆ ಪರದೆ ಮೇಲೆ ಅದು ಇರಲ್ಲ. ಅಷ್ಟು ಜನರ ಮುಂದೆ."

"ಅವ್ರ ಹಣೆಬರಹ. ನೀನು ಹೇಳಿದ್ರೆ ನಿಂದು. ನಿವೃತ್ತಿಗೆ ಹನ್ನೊಂದು ತಿಂಗಳಿದೆ, ಇಷ್ಟು ವರ್ಷದ ಹೆಸರನ್ನ ನೀನೇ ಕೈಯಾರೆ ತೊಳ್ಕೋತೀಯಾ?"

ಭಯವಾಗಬೇಕಿತ್ತು. ಆಗಲಿಲ್ಲ. ಹೇಳಿದರೆ ರೀಲಕ್ಕ ತಪ್ಪುವುದಿಲ್ಲ ಎಂಬ, ತನ್ನದೆಂದು ಇದ್ದ ಒಂದೇ ಮಾತು ಹೋಗುತ್ತದೆ, ಹೇಳದಿದ್ದರೆ ಎಂಬತ್ತು ದಾಟಿದ ಮನುಷ್ಯ ಸಭೆಯಲ್ಲಿ ನಗೆಪಾಟಲಾಗುತ್ತಾನೆ. ಬೇರೆಯವರ ಮನೆಯ ವಿಷಯವೆಂಬಂತೆ ಎರಡನ್ನೂ ತೂಗಿ ನೋಡಿದಳು. ಮರುದಿನ ಮೇಷ್ಟ್ರ ಮನೆಗೆ ಫೋನು ಮಾಡಿ, ಒಮ್ಮೆ ಬಂದು ಹೋಗಬೇಕೆಂದಳು.

ಮೇಷ್ಟ್ರು ಕೋಲೂರಿಕೊಂಡು ಮೆಟ್ಟಿಲಿಳಿದು ಬಂದರು. ಭಾಷಣದ ಹಾಳೆಗಳು ಕಂಕುಳಲ್ಲಿದ್ದವು.

"ಏನಮ್ಮಾ, ಈ ಪಾತಾಳಕ್ಕೆ ಕರೆಸಿದ್ದೀಯ? ಫಿಲ್ಮ್ ಏನಾದ್ರೂ ಹರಿದುಹೋಯ್ತಾ?"

"ಹರಿದಿಲ್ಲ ಮೇಷ್ಟ್ರೇ. ನಾಲ್ಕು, ಐದು ಅದಲುಬದಲಾಗಿದೆ. ಬರೆದವಳು ನಾನು. ಮೊದಲಿಂದ್ಲೂ ಹಾಗೇ ಇದೆ."

ಮೇಷ್ಟ್ರು ನಕ್ಕರು. ಅವಳು ನಗದಿರುವುದನ್ನು ನೋಡಿ ನಿಲ್ಲಿಸಿದರು. ಆಮೇಲೆ ಬಂದದ್ದು ಸಿಟ್ಟು. ಇದು ಹೇಗೆ ಸಾಧ್ಯ, ಜಪಾನಿನವರೇ ತಪ್ಪಿದ್ದಾರೆ, ತಾವು ನಲವತ್ತು ಸಲ ನೋಡಿದ್ದೇವೆ ಎಂದೆಲ್ಲ ಕೋಲು ಕುಟ್ಟಿದರು. ಅವಳು ಕುರ್ಚಿ ಎಳೆದುಕೊಟ್ಟು ರೀಲು ಏರಿಸಿದಳು. ಮೊದಲು ಏಳು ಕೊಡೆ, ಆಮೇಲೆ ಉಗುರು, ಆಮೇಲೆ ಸೂಜಿ. ಮೇಷ್ಟ್ರು ಭೂತಗನ್ನಡಿಯ ಮೇಲೆ ಬಗ್ಗಿದರು. ಅವಳು ನಿಧಾನವಾಗಿ, ಒಂದೊಂದೇ ಚೌಕಟ್ಟು ಸರಿಸಿದಳು.

ಅವರು ತಲೆಯೆತ್ತದೆ, "ಇವಳಿಗೆ ಕೇಳಿಸ್ತಿದೆ" ಎಂದರು.

"ಕೇಳಿಸ್ತಿದೆ."

"ಮತ್ತೆ ಯಾಕೆ ಮಾತಾಡಲ್ಲ?"

"ಕೋಪ ಮೇಷ್ಟ್ರೇ. ಮೂರನೇ ರೀಲಲ್ಲಿ ಅವಳಿಗೆ ಬಂದ ಮದುವೆ ಸಂಬಂಧ ಬೇಡ ಅಂದಿದ್ದಾನಲ್ಲ ಅಪ್ಪ. ಸಂಜೆ ಹೊತ್ತಿಗೆ ಇಳಿದುಹೋಗೋ ಕೋಪ. ಅಷ್ಟರಲ್ಲಿ ಐದನೇ ರೀಲು ಬಂದ್ಬಿಡುತ್ತೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಆವತ್ತು ನಿನಗೇನಾಗಿತ್ತಮ್ಮಾ?"

"ನಮ್ಮನೇವ್ರು ಹೋಗಿ ನಾಲ್ಕು ದಿನ ಆಗಿತ್ತು."

"ರಜೆ ಹಾಕಬಾರದಿತ್ತಾ?"

"ಮನೇಲಿ ಕೂತು ಏನ್ ಮಾಡ್ಲಿ?"

ಅವರು ಹಾಳೆಗಳನ್ನು ಎತ್ತಿಕೊಂಡು ಎದ್ದರು. ಮೆಟ್ಟಿಲು ಹತ್ತುವಾಗ ಒಮ್ಮೆ ನಿಂತು, "ಭಾನುವಾರ ಬಾ. ಹಿಂದೆ ನಿಂತುಕೊಳ್ಳೋದಲ್ಲ, ಕೂತು ನೋಡು" ಎಂದರು.

ಭಾನುವಾರ ಸಭಾಂಗಣ ತುಂಬಿತ್ತು. ಮೇಷ್ಟ್ರು ಕೈಯಲ್ಲಿ ಹಾಳೆಯಿಲ್ಲದೆ ವೇದಿಕೆ ಹತ್ತಿದರು. "ನನ್ನ ಪುಸ್ತಕ ಯಾರ ಮನೇಲಾದ್ರೂ ಇದ್ರೆ ಮೇಜಿನ ಕಾಲಿಗೆ ಒತ್ತು ಕೊಡಿ" ಎಂದರು. ಜನ ನಕ್ಕರು. "ತಮಾಷೆ ಅಲ್ಲ. ನಾವು ನೋಡ್ತಿದ್ದದ್ದು ತಪ್ಪು ಕ್ರಮದಲ್ಲಿ. ಕಂಡುಹಿಡಿದವರು ಇಲ್ಲಿನ ರೀಲಕ್ಕ. ತಪ್ಪು ತನ್ನದೇ ಅಂತ ಅವರೇ ಹೇಳಿದ್ರು. ಅದಕ್ಕೆ ಬೇಕಾಗೋ ಎದೆ ನನಗಂತೂ ಇರಲಿಲ್ಲ." ಅಷ್ಟು ಹೇಳಿ ಕೆಳಗಿಳಿದು ಬಂದು ಅವಳ ಪಕ್ಕದಲ್ಲೇ ಕೂತರು. ಮುಂದಿನ ಸಾಲಿನ ಒಂದಿಬ್ಬರು ತಿರುಗಿ ನೋಡಿದರು. ಮೇಲಧಿಕಾರಿಯ ಮುಖ ಬಿಗಿದಿತ್ತು.

ನಾಲ್ಕನೇ ಭಾಗ ಬಂತು. ಅಪ್ಪ ಮಳೆಯ ಬಗ್ಗೆ ಕೇಳಿದ. ಮಗಳು ಮೂತಿ ಉಬ್ಬಿಸಿಕೊಂಡು ಹೊಲಿದಳು. ಅಪ್ಪ ಮತ್ತೆ ಕೇಳಿದ. ಎಲ್ಲೋ ಒಬ್ಬ ಹೆಂಗಸು ಕಿಸಕ್ಕೆಂದಳು. ಆಮೇಲೆ ಸಾಲು ಸಾಲಾಗಿ ನಗು ಹರಡಿತು. ಎಲ್ಲರ ಮನೆಯಲ್ಲೂ ನಡೆಯುವ ಮುನಿಸು ಅದು. ಮೇಷ್ಟ್ರ ಭುಜವೂ ಕುಲುಕುತ್ತಿತ್ತು. ಇಷ್ಟು ವರ್ಷ ಕೈಯಲ್ಲಿ ಹಿಡಿದಿದ್ದ ಆ ದೃಶ್ಯ ನಗೆಯದ್ದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಮತ್ತೆ ಖಾಲಿ ಅಂಗಳ, ಆರು ಕೊಡೆ. ನಗು ಬಾಯಲ್ಲಿರುವಾಗಲೇ ಅಪ್ಪ ಸತ್ತ.

ಈ ಸಲ ಯಾರೂ ಮೂಗೊರೆಸಿಕೊಳ್ಳಲಿಲ್ಲ.

ರೀಲಕ್ಕ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಈಗಲಾದರೂ ಅಳು ಬರಬಹುದೆಂದು ಕಾದಳು. ಸಿನಿಮಾ ಮುಗಿದು ದೀಪ ಹತ್ತಿತು. ಜನ ಎದ್ದರು. ಮೇಷ್ಟ್ರು ಕೋಲಿಗಾಗಿ ಕೈಯಾಡಿಸುತ್ತ, "ಏನನ್ನಿಸಿತಮ್ಮಾ?" ಎಂದರು.

"ಏನೂ ಅನ್ನಿಸಲಿಲ್ಲ ಮೇಷ್ಟ್ರೇ."

ಅವರು ತಲೆಯಾಡಿಸಿದರು. "ಮುಂದಿನ ಭಾನುವಾರ ಮತ್ತೆ ಹಾಕ್ತಾರಂತೆ."

ಅವಳು ಕೋಲು ಎತ್ತಿಕೊಟ್ಟು, "ಬರ್ತೀನಿ" ಎಂದಳು.