ಮಾವನ ಸ್ಕೂಟರೂ ಜೀವಕೋಶದ ರಿಪೇರಿಯೂ

ಹೊಸಪೇಟೆಯ ಕಾಲೇಜಿನಲ್ಲಿ ಹದಿನೆಂಟು ವರ್ಷ ಜೀವಶಾಸ್ತ್ರ ಪಾಠ ಮಾಡಿದ ನನಗೆ ಮಿಯಾಸಿಸ್ ಎಂಬ ಕೋಶವಿಭಜನೆ ಅರ್ಥವಾದದ್ದು ಚಿತ್ತವಾಡ್ಗಿಯ ಒಂದು ಗ್ಯಾರೇಜಿನಲ್ಲಿ. ಸಹೋದ್ಯೋಗಿಗಳೆದುರು ಇದನ್ನು ಒಪ್ಪಿಕೊಳ್ಳುವ ಧೈರ್ಯವಿಲ್ಲ. ನಿಮ್ಮ ಕಿವಿಯಲ್ಲಷ್ಟೇ ಹೇಳುತ್ತಿದ್ದೇನೆ.

ಅಂಡಾಣು, ವೀರ್ಯಾಣು ತಯಾರಾಗುವಾಗ ಜೀವಕೋಶ ಒಂದು ಹುಚ್ಚು ಕೆಲಸ ಮಾಡುತ್ತದೆ. ಚೆನ್ನಾಗಿರುವ ಡಿಎನ್‌ಎ ಎಳೆಯನ್ನು ತಾನೇ ಅಲ್ಲಲ್ಲಿ ಕಡಿದುಕೊಂಡು, ಆಮೇಲೆ ರಿಪೇರಿಗೆ ಕೂರುತ್ತದೆ. ಪಕ್ಕದಲ್ಲೇ ತದ್ರೂಪಿ ನಕಲು ಇದ್ದರೂ ಹೆಚ್ಚಾಗಿ ಅದನ್ನು ಬಿಟ್ಟು, ಅಪ್ಪನಿಂದ ಬಂದ ಎಳೆಗೆ ಅಮ್ಮನಿಂದ ಬಂದದ್ದನ್ನೂ, ಅಮ್ಮನದಕ್ಕೆ ಅಪ್ಪನದನ್ನೂ ನೋಡಿಕೊಂಡು ಜೋಡಿಸುತ್ತದೆ. "ತಾನಾಗೇ ಯಾಕ ಕಡ್ಕೊಬೇಕ್ರಿ ಸರ?" ಎಂದು ಯಾರಾದರೂ ಕೇಳಿದರೆ, "ಸಿಲಬಸ್‌ನ್ಯಾಗ ಇಲ್ಲ, ಕುಂದ್ರು" ಎಂದು ಪಾರಾಗುತ್ತಿದ್ದೆ.

ನಮ್ಮ ಮನೆಯಲ್ಲಿ ಒಂದೇ ಕಂಪನಿಯ, ಒಂದೇ ಬಣ್ಣದ ಎರಡು ಸ್ಕೂಟರುಗಳಿದ್ದವು. ಒಂದು ನಮ್ಮಪ್ಪ ನನಗೆ ಕೊಡಿಸಿದ್ದು, ಇನ್ನೊಂದು ನನ್ನ ಹೆಂಡತಿ ಸುಮಂಗಲಾಗೆ ಅವಳಪ್ಪ ಕೊಡಿಸಿದ್ದು. ಸಂಡೂರಿನ ಅದಿರು ಲಾರಿಗಳು ಊರಿಗೆ ಊರನ್ನೇ ಕೆಂಪು ಮಾಡಿದ ಆ ವರ್ಷಗಳಲ್ಲಿ ಧೂಳು ಕುಡಿದು ಕುಡಿದು ಮಾವನ ಸ್ಕೂಟರು ಕೆಟ್ಟು ನಿಂತಿತು. ಮಗಳು ಕಾಲೇಜಿಗೆ ಸೇರುವ ಹೊತ್ತು ಅದು. "ನಮ್ಮಪ್ಪಂದು ಅಕಿಗಿರಲಿ, ನಿಮ್ಮಪ್ಪಂದು ಗುಜರಿಗೆ ಹಾಕೋಣ" ಎಂದುಬಿಟ್ಟೆ. ಮಾವ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಸುಮಂಗಲಾ ಜಗಳವಾಡಲಿಲ್ಲ, ಸೀಟಿನ ಧೂಳನ್ನು ಸೆರಗಿನಿಂದ ಒರೆಸಿ ಒಳಗೆ ಹೋದಳು. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ನನಗೆ ನಾಚಿಕೆಯಾಯಿತು; ರಿಪೇರಿ ಮಾಡಿಸಲು ಹೊರಟೆ.

ಆಗ ಊರಿನ ಮೆಕ್ಯಾನಿಕ್ಕುಗಳೆಲ್ಲ ಲಾರಿಗಳ ಹಿಂದೆ ಬಿದ್ದಿದ್ದರು. ಸ್ಕೂಟರೆಂದರೆ ಮುಖ ತಿರುಗಿಸುತ್ತಿದ್ದರು. ಚಿತ್ತವಾಡ್ಗಿಯ ಹುಲುಗಪ್ಪ ಒಬ್ಬ ಒಪ್ಪಿದ. ಆದರೆ ಅವನ ಪದ್ಧತಿಯೇ ಬೇರೆ.

"ಇದರ ಜೋಡಿ ಗಾಡಿ ಐತೇನ್ರಿ ಸರ? ಅದನ್ನೂ ತರ್ರಿ."

"ಅದು ಚಲೋ ಐತಲ್ಲೋ ಮಾರಾಯ!"

"ಅದಕ್ಕ ತರ್ರಿ ಅಂದಿದ್ದು. ಚಲೋದನ್ನ ಬಿಚ್ಚದ ಹೊರತು ಕೆಟ್ಟಿದ್ದು ಹೆಂಗ ಗೊತ್ತಾಕೈತಿ?"

ಸಂಜೆಯ ಹೊತ್ತಿಗೆ ಎರಡೂ ಗೋಣಿತಾಟಿನ ಮೇಲೆ ಬಿಡಿಬಿಡಿಯಾಗಿ ಮಲಗಿದ್ದವು. ಅದನ್ನು ನೋಡಿ ಇದನ್ನು ಜೋಡಿಸುತ್ತ, ನಡುನಡುವೆ ಇದರ ಸ್ಪ್ರಿಂಗು ಅದಕ್ಕೆ, ಅದರ ಸೈಲೆನ್ಸರು ಇದಕ್ಕೆ ಹಾಕುತ್ತ ಹುಲುಗಪ್ಪ ಆರಾಮಾಗಿದ್ದ. ನಾನು ಗೋಣಿತಾಟಿನ ಮೇಲೆ ಬಗ್ಗಿ ಕೇಳಿದೆ.

"ಯಾವುದು ಯಾರದಂತ ಹೆಂಗ ಗುರ್ತು ಹಿಡೀಲೋ?"

"ನಂಬರ್ ಪ್ಲೇಟ್ ಐತಲ್ರಿ!"

ಅಲ್ಲೇ ಹಳೆಯ ಟೈರಿನ ಮೇಲೆ ಕುಸಿದು ಕೂತಾಗ ತಲೆಯೊಳಗೆ ದೀಪ ಹತ್ತಿತು. ಕೋಶಕ್ಕೂ ಬೇಕಾದದ್ದು ಬರೀ ರಿಪೇರಿಯಲ್ಲ. ಕಡಿದು ಜೋಡಿಸುವ ಗಡಿಬಿಡಿಯಲ್ಲಿ ಕೆಲವು ಕಡೆ ಎರಡು ಮನೆತನದ ತುಂಡುಗಳು ಅದಲುಬದಲಾಗುತ್ತವೆ; ಅಪ್ಪನ ಎಳೆ, ಅಮ್ಮನ ಎಳೆ ಜೋಡಿಯಾಗಿ ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಹಾಗೆ ಅಂಟಿಕೊಂಡವೇ ಮುಂದೆ ಕೋಶ ಎರಡಾಗುವಾಗ ಸರಿಯಾಗಿ ಬೇರೆಯಾಗುವುದು. ಅಂಟದವು ದಿಕ್ಕು ತಪ್ಪುವುದೇ ಹೆಚ್ಚು. ಹದಿನೆಂಟು ವರ್ಷ ಎರಡು ಬಣ್ಣದ ಸೀಮೆಸುಣ್ಣದಲ್ಲಿ ಇದನ್ನೇ ಬರೆದು ಅಳಿಸಿದ್ದೆನಲ್ಲ, ನನ್ನ ಬುದ್ಧಿಗಿಷ್ಟು!

ಮರುದಿನ ಬೆಳಿಗ್ಗೆ ಮಾವನ ನಂಬರಿನ ಸ್ಕೂಟರಿಗೆ ಮಗಳು ಕಿಕ್ ಹೊಡೆದಳು. ಒಂದೇ ಏಟಿಗೆ ಚಾಲೂ ಆಯಿತು. ಸುಮಂಗಲಾ ಬಾಗಿಲಿಗೆ ಓಡಿಬಂದಳು.

"ಕೇಳ್ರಿ, ಥೇಟ್ ನಮ್ಮಪ್ಪನ ಗಾಡಿ ಶಬ್ದ!" ಎಂದು ಕಣ್ಣೊರೆಸಿಕೊಂಡಳು.

ಆ ಶಬ್ದ ಮಾಡುತ್ತಿದ್ದುದು ನಮ್ಮಪ್ಪನ ಸೈಲೆನ್ಸರು. ಹೇಳಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಥೇಟ್ ಅವರಜ್ಜನ ಗತ್ತಿನಲ್ಲಿ (ಯಾವ ಅಜ್ಜ ಎಂದು ಕೇಳಬೇಡಿ) ಕತ್ತೆತ್ತಿಕೊಂಡು ಗೇಟು ದಾಟಿದಳು.

"ಹೌದು," ಎಂದೆ, "ನಿಮ್ಮಪ್ಪಂದೇ."