ಕಾಸಿಯಾನೊನ ಮೂರನೆಯ ಮೇಜು

ನಿಕಾಸಿಯಾ ಯುಹ್ರಾ ಕೋಪಕಬಾನಾ ಎಂಬ ಊರಿನ ಸರೋವರದ ದಂಡೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಟ್ರೌಟ್ ಮೀನು ಹುರಿದು ಮಾರುತ್ತಾಳೆ. ಬೆನ್ನುಚೀಲದ ಪ್ರವಾಸಿಗಳಿಂದಲೇ ಅವಳ ಹೊಟ್ಟೆಪಾಡು. ಆದರೂ ಅವರನ್ನು ಕಂಡರೆ ಆಗುವುದಿಲ್ಲ. ಚೀಲ ಇಳಿಸದೆ ಅಂಗಡಿಯೊಳಗೆ ಗಿರ್ರನೆ ತಿರುಗುತ್ತಾರೆ, ಹಿಂದಿನ ಮೇಜಿನ ಲೋಟಗಳು ನೆಲಕ್ಕುರುಳುತ್ತವೆ. "ಮೊದ್ಲು ಮೂಟೆ ಇಳಿಸಿ, ಆಮೇಲೆ ಬಾಯಿ ತೆಗೀರಿ" ಎಂಬುದೇ ಅವಳ ಸ್ವಾಗತ. ಗಂಡ ಕಾಸಿಯಾನೊ ಹಾಗಿರಲಿಲ್ಲ. ಅವರನ್ನು ದೋಣಿಯಲ್ಲಿ ದ್ವೀಪಕ್ಕೆ ಕರೆದೊಯ್ಯುತ್ತ, ವಾಂತಿ ಮಾಡಿಕೊಂಡವರ ಹಣೆ ಹಿಡಿಯುತ್ತ ಆಯುಷ್ಯ ಕಳೆದ. ಅವನು ಸತ್ತು ಮೂರು ವರ್ಷವಾಯಿತು.

ಸತ್ತವರು ಮೂರು ವರ್ಷ ಮನೆಗೆ ಬರುತ್ತಾರೆ. ನವೆಂಬರ್ ಒಂದರ ಮಧ್ಯಾಹ್ನ ಹನ್ನೆರಡಕ್ಕೆ ಬಂದು ಮರುದಿನ ಹನ್ನೆರಡಕ್ಕೆ ಹೊರಡುತ್ತಾರೆ. ಮೂರನೆಯ ಸಲ ಹೋದವರು ಮತ್ತೆ ಬರುವುದಿಲ್ಲ. ಈ ಕೊನೆಯ ಸಲ ಏನೂ ಕಡಿಮೆಯಾಗಬಾರದೆಂದು ನಿಕಾಸಿಯಾ ಮನೆಯಲ್ಲಿ ನಾಲ್ಕು ದಿನ ದುಡಿದಿದ್ದಳು. ಕಪ್ಪು ಬಟ್ಟೆ ಹಾಸಿದ ಮೇಜು, ಕಬ್ಬಿನ ಕಮಾನು, ಹೂ ಬಿಟ್ಟ ಈರುಳ್ಳಿ ಗಿಡ, ಅವನಿಗೆ ಇಷ್ಟದ ಖಾರದ ಕೋಳಿ, ಮೇಲಿನಿಂದ ಇಳಿದು ಬರಲು ಬ್ರೆಡ್ಡಿನ ಏಣಿ. ನಡುವೆ, ಬಣ್ಣದ ಮುಖ ಅಂಟಿಸಿದ ಮೊಳದುದ್ದದ ಬ್ರೆಡ್ಡಿನ ಗೊಂಬೆ. ಅದು ಕಾಸಿಯಾನೊ. ಬಾಗಿಲು ತೆರೆದೇ ಇತ್ತು. ಮುಚ್ಚಿದ ಬಾಗಿಲಿಗೆ ಬಂದ ಜೀವ ಬಂದ ದಾರಿಯಲ್ಲೇ ಹಿಂತಿರುಗುತ್ತದೆ.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಆ ಬಾಗಿಲಿನಿಂದ ಒಳಬಂದವನು ಸೆವೆರೊ ಟಿಕೋನಾ. ಮೇಲಿನ ಬೀದಿಯಲ್ಲಿ ವಸತಿಗೃಹ ನಡೆಸುವವನು. ನಿಕಾಸಿಯಾಳ ಮಗಳ ದೀಕ್ಷಾಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನಾದ್ದರಿಂದ ಒಡಹುಟ್ಟಿದವನಿಗಿಂತ ಹತ್ತಿರದ ನಂಟು. ಅವಳಿಗೆ ಅವನು ಕೊಂಪಾದ್ರೆ, ಅವನಿಗೆ ಅವಳು ಕೊಮಾದ್ರೆ. ಅವನ ಹಿಂದೆ ಹನ್ನೊಂದು ಬೆನ್ನುಚೀಲಗಳು ನುಗ್ಗಿದವು.

"ಏನಿದು, ಕೊಂಪಾದ್ರೆ?"

"ಐದೇ ನಿಮಿಷ, ಕೊಮಾದ್ರೆ. ಈಗಷ್ಟೇ ಬಸ್ಸಿಂದ ಇಳಿದಿದಾರೆ. ನಮ್ಮ ಪದ್ಧತಿ ನೋಡ್ಬೇಕಂತೆ."

"ಸತ್ತ ನಿಮ್ಮವ್ವನ ಮೇಜಿಗೆ ಯಾಕೆ ಕರ್ಕೊಂಡು ಹೋಗ್ಲಿಲ್ಲ?"

"ಸುಮ್ನಿರು. ಕಾಸಿಯಾನೊಗೆ ಇವರಂದ್ರೆ ಪ್ರಾಣ."

"ದೋಣೀಲಿ ಅಷ್ಟೇ. ಮನೆಗೆ ಒಬ್ಬನ್ನೂ ಕರ್ಕೊಂಡು ಬರ್ಲಿಲ್ಲ ಅವನು."

ಅಷ್ಟರಲ್ಲಿ ಒಬ್ಬ ಉದ್ದನೆಯ ಹುಡುಗ ಗೊಂಬೆಯ ಕಾಲು ಮುರಿದು ಬಾಯಿಗೆ ಹಾಕಿಕೊಂಡಿದ್ದ. ಮೇಜಿನ ಮೇಲಿರುವುದೆಲ್ಲ ರುಚಿ ನೋಡಲಿಕ್ಕೆ ಎಂದು ಸೆವೆರೊ ದಾರಿಯಲ್ಲಿ ಹೇಳಿಕೊಟ್ಟಿದ್ದ.

ನಿಕಾಸಿಯಾಳ ಕಿವಿ ಕಾದು ಕೆಂಪಾಯಿತು. ಬೇರೆ ದಿನವಾಗಿದ್ದರೆ ಎಲ್ಲರನ್ನೂ ಹೊರಗೆ ನೂಕಿ ಬಾಗಿಲು ಹಾಕಿಬಿಡುತ್ತಿದ್ದಳು. ಆದರೆ ಇಂದು ಆ ಬಾಗಿಲು ಮುಚ್ಚುವ ಹಾಗಿಲ್ಲ, ಇನ್ನು ಆರೇ ನಿಮಿಷ. ಅವಳು ಸೆವೆರೊನ ಕಡೆ ತಿರುಗಿದಳು.

"ಹುಡುಗನ ಮೇಲೆ ನಂಗೆ ಸಿಟ್ಟಿಲ್ಲ, ಅವನಿಗೇನು ಗೊತ್ತು. ನಿಂಗೆ ಗೊತ್ತಿತ್ತು. ಮೇಜಿಂದು ತಿಂದೋರು ಸತ್ತೋನಿಗೆ ಪ್ರಾರ್ಥನೆ ಹೇಳ್ಬೇಕು. ಇವರಿಗೆ ಬರಲ್ಲ. ಇವರ ಪಾಲಿಂದು ನೀನು ಹೇಳು. ಹನ್ನೊಂದು ಸಲ. ಮಂಡಿಯೂರು."

"ತಿಂದಿದ್ದು ಒಬ್ಬನೇ ಕಣೆ."

"ತಿನ್ನೋಕೆ ಬಂದಿದ್ದು ಹನ್ನೊಂದು."

"ಗಿರಾಕಿಗಳ ಮುಂದೆ ನನ್ನ ಮಾನ ತೆಗೀಬೇಡ, ಕೊಮಾದ್ರೆ."

"ನಿನ್ನ ಮಾನ ಹೋಗುತ್ತಾ? ನನ್ನ ಗಂಡನ ಕಾಲೇ ಹೋಯ್ತು."

ಸೆವೆರೊ ಟೋಪಿ ತೆಗೆದು ಮಂಡಿಯೂರಿದ. ಇದೂ ಪದ್ಧತಿಯ ಒಂದು ಭಾಗವೆಂದುಕೊಂಡ ಪ್ರವಾಸಿಗಳು ಫೋನುಗಳನ್ನು ಎತ್ತಿ ಹಿಡಿದರು. ನಿಕಾಸಿಯಾ ತಡೆಯಲಿಲ್ಲ. ಅವನು ನಾಲ್ಕನೆಯ ಪ್ರಾರ್ಥನೆಯಲ್ಲಿದ್ದಾಗ ಇಗರ್ಜಿಯ ಗಂಟೆ ಹನ್ನೆರಡು ಬಾರಿಸಿತು. ಗಂಡನನ್ನು ಎದುರುಗೊಳ್ಳಲು ಅವಳು ಬಾಗಿಲಿನತ್ತ ನೋಡಿದಳು. ಹೊಸ್ತಿಲಲ್ಲಿ ಇಬ್ಬರು ಚೀಲ ಹೊತ್ತು ನಿಂತಿದ್ದರು. ತಾನೇ ಹೋಗಿ ಭುಜ ಹಿಡಿದು ಅವರನ್ನು ಪಕ್ಕಕ್ಕೆ ಸರಿಸಿದಳು. ಹಿಂದೆ ಸೆವೆರೊನ ದನಿ ತಗ್ಗಿತು. "ಜೋರಾಗಿ ಹೇಳು" ಎಂದಳು ತಿರುಗದೆ.

ಹನ್ನೊಂದೂ ಮುಗಿದವು. ಪ್ರಾರ್ಥಿಸಿದವನನ್ನು ಬರಿಗೈಯಲ್ಲಿ ಕಳಿಸಿದರೆ ಸತ್ತವನು ಹಸಿದಿರುತ್ತಾನೆ. ಅವಳು ಬ್ರೆಡ್ಡು, ಬಾಳೆಹಣ್ಣು, ಕಬ್ಬಿನ ತುಂಡು ಎಲ್ಲವನ್ನೂ ಬುಟ್ಟಿಗೆ ತುಂಬಿದಳು, ಒಂದು ಚೂರೂ ಕಡಿಮೆಯಿಲ್ಲದಂತೆ.

"ತಗೊಳ್ಳಿ, ದೋನ್ ಸೆವೆರೊ," ಎಂದಳು, ಠಾಣೆಯ ಅಧಿಕಾರಿಯನ್ನು ಕರೆಯುವ ಹಾಗೆ.

ಅವನು ಬುಟ್ಟಿ ಹಿಡಿದು ನಿಂತೇ ಇದ್ದ. "ಕೊಮಾದ್ರೆ, ಇಷ್ಟಕ್ಕೆಲ್ಲ..."

"ಆ ನಂಟು ಇವತ್ತಿಗೆ ತೀರಿತು. ಮಗಳಿಗೆ ನಾನೇ ಹೇಳ್ತೀನಿ."