ಮೇಲಿನ ಮನೆಯ ಟೀಚರ್ ಹೇಳದೆ ಬಿಟ್ಟದ್ದು

ಕಳೆದ ಭಾನುವಾರ ಓಜಿಮಾ ಬಡಾವಣೆಯ ಹಳೆಯ ವಸತಿ ಕಟ್ಟಡಗಳ ನಡುವೆ ನಡೆದು ಬರುತ್ತಿದ್ದೆ. ಯಾರದೋ ಅಡುಗೆಮನೆಯ ಕಿಟಕಿಯಿಂದ ವಿನೆಗರ್‌ನಲ್ಲಿ ಬೆಳ್ಳುಳ್ಳಿ, ಕರಿಮೆಣಸು ಕುದಿಯುವ ವಾಸನೆ ಬಂತು. ಮೂಗಿನೊಳಗೆ ಚುರುಗುಟ್ಟುವ ಹುಳಿ ವಾಸನೆ... ಕಾಲು ಅಲ್ಲೇ ನಿಂತಿತು. ಮೇಲಿನ ಮನೆಯ ಟೀಚರ್ ತೀರಿಕೊಂಡ ಸುದ್ದಿ ಬಂದು ಒಂದು ವಾರವೂ ಆಗಿರಲಿಲ್ಲ.

ಮಗಳು ಪ್ರೈಮರಿ ಶಾಲೆಯಲ್ಲಿದ್ದ ದಿನಗಳವು. ನಾನೂ ನನ್ನ ಗಂಡನೂ ಬೆಂಗಳೂರಿನಿಂದ ಇಲ್ಲಿಗೆ, ಜಪಾನಿಗೆ, ವರ್ಗವಾಗಿ ಬಂದಿದ್ದೆವು, ಇಬ್ಬರೂ ಕತ್ತಲಾದ ಮೇಲೇ ಮನೆ ಸೇರುತ್ತಿದ್ದೆವು. ನಮ್ಮ ತಲೆಯ ಮೇಲಿನ ಮನೆಯಲ್ಲಿ ಫಿಲಿಪೀನ್ಸಿನ ಈ ಹೆಂಗಸು ಒಬ್ಬರೇ ಇದ್ದರು. ತಮ್ಮ ಊರಿನ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಚರಿತ್ರೆ ಕಲಿಸಿದವರು, ಇಲ್ಲಿ ಒಂದು ಶಿಶುವಿಹಾರದಲ್ಲಿ ಇಂಗ್ಲಿಷ್ ಹಾಡು ಹೇಳಿಕೊಡುತ್ತಿದ್ದರು. “ಅಲ್ಲಿ ಕ್ರಾಂತಿ, ಇಲ್ಲಿ ಆಪಲ್ಲು, ಬನಾನಾ,” ಎಂದು ನಗುತ್ತಿದ್ದರು. ಶಾಲೆ ಬಿಟ್ಟ ಮೇಲೆ ಮಗಳನ್ನು ತಾವೇ ನೋಡಿಕೊಳ್ಳುವುದಾಗಿ ಅವರಾಗಿಯೇ ಹೇಳಿದರು. ನಾನು ಕೆಲಸ ಮುಗಿಸಿ ಕರೆತರಲು ಹೋದರೆ ಆ ಹುಳಿ ವಾಸನೆಯ ನಡುವೆ ಇಬ್ಬರೂ ನೆಲದ ಮೇಲೆ ಕೂತು ಯಾವುದೋ ಕಾಲದಲ್ಲಿ ಮುಳುಗಿರುತ್ತಿದ್ದರು. ಎಷ್ಟೋ ಸಂಜೆ ನಾನೂ ಚಪ್ಪಲಿ ಬಿಟ್ಟು ಕೂತುಬಿಟ್ಟದ್ದುಂಟು.

ಸ್ಪೇನಿನವರು ಮೂರು ಶತಮಾನ ಫಿಲಿಪೀನ್ಸ್ ದ್ವೀಪಗಳನ್ನು ಆಳಿದ ಕಥೆ ಅದು. ಹೊಲಗದ್ದೆಯೆಲ್ಲ ಮಠದ ಪಾದ್ರಿಗಳ ಕೈಯಲ್ಲಿ, ಉಳುವವರು ತಮ್ಮ ಅಜ್ಜಂದಿರ ನೆಲಕ್ಕೇ ಗೇಣಿ ಕೊಡಬೇಕು. ಒಬ್ಬ ಗವರ್ನರು ಜನರ ಮನೆತನದ ಹೆಸರುಗಳನ್ನೂ ಬದಲಾಯಿಸಿದ. ಊರೂರಿಗೆ ಸ್ಪ್ಯಾನಿಷ್ ಹೆಸರುಗಳನ್ನು ಹಂಚಿದ. ಹಾಗಾಗಿ ಟೀಚರ ಊರಿನಲ್ಲಿ ಎಲ್ಲರ ಹೆಸರೂ ಒಂದೇ ಅಕ್ಷರದಿಂದ ಶುರುವಾಗುತ್ತಿತ್ತಂತೆ. ಮಗಳು ಬಿದ್ದು ಬಿದ್ದು ನಕ್ಕಿದ್ದಳು. “ನಗು, ನಗು,” ಎಂದಿದ್ದರು ಟೀಚರ್, “ನಾವು ಅದೇ ಹೆಸರಲ್ಲಿ ಅತ್ತಿದ್ದೇವೆ.” ಆಮೇಲೆ ಗುಟ್ಟಾಗಿ ಸೇರಿ ಪ್ರಮಾಣ ಮಾಡಿದವರು, ತೆರಿಗೆಯ ಚೀಟಿಗಳನ್ನು ಹರಿದು ಗಾಳಿಗೆ ತೂರಿದವರು... ಆ ಗುಟ್ಟು ಒಬ್ಬ ಪಾದ್ರಿಯ ಕಿವಿಗೆ ಬಿದ್ದು ರಟ್ಟಾದದ್ದು, ಗೆದ್ದೆವು ಎನ್ನುವಷ್ಟರಲ್ಲಿ ಸ್ಪೇನ್ ಆ ದೇಶವನ್ನೇ ಅಮೆರಿಕಕ್ಕೆ ಮಾರಿದ್ದು. ಯಾವ ಕಥೆಯ ತುದಿಯಲ್ಲೂ ಯಾರೋ ಒಬ್ಬರು ಕೈ ಕೊಟ್ಟಿರುತ್ತಿದ್ದರು.

ಒಬ್ಬನನ್ನು ಬಿಟ್ಟು. ಸ್ಪೇನಿನ ವಿರುದ್ಧ ಹೋರಾಡಿದ ಸೇನಾಪತಿ ಆತ. ಅಮೆರಿಕದ ಬಾವುಟಕ್ಕೆ ತಲೆ ಬಾಗಿಸಲು ಒಪ್ಪದೆ ಗಡಿಪಾರಾಗಿ, ಕೊನೆಗೆ ಯೊಕೊಹಾಮಾಕ್ಕೆ ಬಂದು ಪಾಠ ಹೇಳಿಕೊಂಡು ಮುದುಕನಾದ. ಅಲ್ಲಿನ ಬಂದರಿನ ಪಾರ್ಕಿನಲ್ಲಿ ಅವನ ನೆನಪಿನ ಕಲ್ಲಿದೆ. ಟೀಚರ್ ನಮ್ಮನ್ನು ಕರೆದುಕೊಂಡು ಹೋಗಿ, ಕಲ್ಲಿನ ಮುಂದೆ ಹೂವಿಟ್ಟು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದರು. “ಇವರೊಬ್ಬರು ಯಾರಿಗೂ ಬಾಗಲಿಲ್ಲ. ವಯಸ್ಸಾದ ಮೇಲೆ ತನ್ನ ಮಣ್ಣಿಗೇ ವಾಪಸ್ ಹೋದರು,” ಎಂದರು. ಕಥೆ ಅಲ್ಲಿಗೆ ನಿಂತಿತು. ಮುಂದೇನೆಂದು ಕೇಳಬೇಕೆಂದು ನಮಗೂ ಹೊಳೆಯಲಿಲ್ಲ.

ಮಗಳಿಗೆ ಆ ಸೇನಾಪತಿಯ ಹುಚ್ಚು ಹಿಡಿಯಿತು. ಶಾಲೆಯಲ್ಲಿ ಮೆಚ್ಚಿನ ವ್ಯಕ್ತಿಯ ಬಗ್ಗೆ ಮಾತಾಡಲು ಹೇಳಿದಾಗ ಅವನ ಚಿತ್ರ ಬರೆದು ದೊಡ್ಡ ಚಾರ್ಟ್ ಮಾಡಿದಳು. ಟೀಚರೇ ಪಕ್ಕದಲ್ಲಿ ಕೂತು ತಿದ್ದಿದರು. ಜಪಾನ್ ಅವನನ್ನು ಕಾಪಾಡಿತು, ಜಪಾನೀ ಹಡಗಿನಲ್ಲಿ ಅವನು ಊರಿಗೆ ಮರಳಿದ ಎಂದು ಮಗಳು ಜಪಾನೀ ಭಾಷೆಯಲ್ಲಿ ಹೇಳಿ ಮುಗಿಸಿದಾಗ ಇಡೀ ಕ್ಲಾಸು ಚಪ್ಪಾಳೆ ತಟ್ಟಿತಂತೆ. ಆ ಚಾರ್ಟ್ ಟೀಚರ ಗೋಡೆ ಏರಿತು.

ಮುಂದಿನ ವಸಂತದಲ್ಲಿ ಟೀಚರ ಅಮ್ಮ ಸಕುರಾ ಹೂವು ನೋಡಲೆಂದು ಬಂದರು. ಎಂಬತ್ತರ ಹತ್ತಿರದ ಪುಟ್ಟ ಜೀವ, ಮಾತು ಕಡಿಮೆ. ನಾನು ಉಪ್ಪಿಟ್ಟು ಮಾಡಿಕೊಂಡು ಹೋಗಿದ್ದೆ. ಮಗಳು ಅವರ ಕೈ ಹಿಡಿದು ಚಾರ್ಟಿನ ಮುಂದೆ ನಿಲ್ಲಿಸಿ, “ಲುಕ್ ಗ್ರ್ಯಾಂಡ್ಮಾ, ಯುವರ್ ಹೀರೋ!” ಎಂದಳು.

ಅಜ್ಜಿ ಚಿತ್ರವನ್ನು ದಿಟ್ಟಿಸಿದರು. ಆಮೇಲೆ ಟೀಚರ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಟೀಚರ್ ತಲೆ ತಗ್ಗಿಸಿದರು.

“ಇವನು ವಾಪಸ್ ಬಂದದ್ದು ಯುದ್ಧದಲ್ಲಿ ನಮ್ಮ ದೇಶ ಹಿಡಿದ ಜಪಾನೀ ಸೈನ್ಯದ ಜೊತೆ,” ಎಂದರು ಅಜ್ಜಿ, ನಮಗೆ ತಿಳಿಯಲೆಂದು ತಡವರಿಸುವ ಇಂಗ್ಲಿಷಿನಲ್ಲಿ. “ನಾನಾಗ ಪುಟ್ಟ ಹುಡುಗಿ. ಊರಿನ ಗಂಡಸರನ್ನೆಲ್ಲ ಚರ್ಚಿನ ಮುಂದೆ ಸಾಲಾಗಿ ನಿಲ್ಲಿಸಿದರು. ಇವನ ಕಡೆಯವರು ತಲೆಗೆ ಬುಟ್ಟಿ ಕವುಚಿಕೊಂಡು ಬಂದರು, ಕಣ್ಣಿಗೆ ಎರಡು ತೂತು. ಒಬ್ಬ ನಮ್ಮಪ್ಪನ ಕಡೆ ಬೆರಳು ತೋರಿಸಿದ. ಸೈನಿಕರು ಅಪ್ಪನನ್ನು ಎಳೆದುಕೊಂಡು ಹೋದರು. ಮುಖ ಕಾಣಲಿಲ್ಲ, ಪಾದ ಕಾಣಿಸಿತು. ನಮ್ಮ ಚಿಕ್ಕಪ್ಪನ ಪಾದ.”

ಅಪ್ಪ ಮತ್ತೆ ಬರಲಿಲ್ಲ ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮಗಳು ಟೀಚರನ್ನೇ ನೋಡುತ್ತಿದ್ದಳು. “ನಿಮಗೆ ಗೊತ್ತಿತ್ತಾ, ಸೆನ್ಸೇ?”

“ಚಿಕ್ಕಂದಿನಿಂದ ಗೊತ್ತು.”

“ಮತ್ತೆ ನನ್ನ ಕೈಲಿ ಯಾಕೆ ಹಾಗೆ ಹೇಳಿಸಿದ್ರಿ? ಎಲ್ಲರೂ ಕ್ಲ್ಯಾಪ್ ಮಾಡಿದ್ರು!”

“ಒಬ್ಬನಾದರೂ ಬೇಕಿತ್ತು ನನಗೆ,” ಎಂದರು ಟೀಚರ್. “ಅಷ್ಟು ವರ್ಷ ಮಕ್ಕಳಿಗೆ ಕೈ ಕೊಟ್ಟವರ ಕಥೆಯನ್ನೇ ಕಲಿಸಿದೆ. ಕೊನೆವರೆಗೆ ನಿಂತವನು ಒಬ್ಬನಾದರೂ...” ಅವರ ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಗಳು “ಉಸೊತ್ಸುಕಿ” ಎಂದಳು. ಸುಳ್ಳುಬುರುಕಿ ಎಂದು ಅರ್ಥ. ಚಾರ್ಟ್ ಕಿತ್ತು ಸುರುಳಿ ಸುತ್ತಿಕೊಂಡು ಮೆಟ್ಟಿಲಿಳಿದು ಹೋದಳು. ನಾನು ಬೈಯಲಿಲ್ಲ. ಬೈಯಬೇಕೆನಿಸಲೂ ಇಲ್ಲ. ನನ್ನ ಮಗುವಿನ ಬಾಯಲ್ಲಿ, ಬೇರೆ ಎಲ್ಲೂ ಅಲ್ಲ, ಜಪಾನೀ ಮಕ್ಕಳ ಮುಂದೆಯೇ ಆ ಅರ್ಧ ಸತ್ಯ ಹೇಳಿಸಿದ್ದರು. ಸಂಜೆಗಳೆಲ್ಲ ನಾನೂ ನಂಬಿಕೊಂಡು ಕೂತಿದ್ದೆ.

ಮಗಳು ಮತ್ತೆ ಮೇಲೆ ಹೋಗಲಿಲ್ಲ. ಟೀಚರ್ ಎರಡು ಸಲ ಬಾಗಿಲು ತಟ್ಟಿದರು. ಒಮ್ಮೆ ಕ್ಷಮೆ ಕೇಳಿದರು, ಇನ್ನೊಮ್ಮೆ ಸುಮ್ಮನೆ ನಿಂತು ಹೋದರು. ಮಗಳು ರೂಮಿನಿಂದ ಹೊರಗೆ ಬರಲಿಲ್ಲ. ಆಮೇಲೆ ಲಿಫ್ಟಿನಲ್ಲಿ ಎದುರಾದರೆ ಹವಾಮಾನದ ಮಾತು, ಅಷ್ಟೆ. ಚಳಿಗಾಲ ಬರುವಷ್ಟರಲ್ಲಿ ಅವರು ಊರಿಗೆ ಮರಳಿದ್ದರು. ನಾವೂ ಹತ್ತಿರದ ಫುನಾಬೊರಿಗೆ ಮನೆ ಬದಲಾಯಿಸಿದೆವು. ಅವರು ಊರಿನಿಂದ ಹಬ್ಬಹಬ್ಬಕ್ಕೂ ಸಂದೇಶ ಕಳಿಸುತ್ತಿದ್ದರು, ಕೊನೆಗೆ ಯಾವಾಗಲೂ ಮಗಳ ಬಗ್ಗೆ ಒಂದು ವಿಚಾರಣೆ. ನಾನು ಚೆನ್ನಾಗಿದ್ದಾಳೆ ಎಂದು ಉತ್ತರಿಸುತ್ತಿದ್ದೆ.

ಈಗ ಮಗಳು ಕ್ಯೋಟೋದಲ್ಲಿ ಕಾಲೇಜು ಓದುತ್ತಿದ್ದಾಳೆ. ಸಾವಿನ ಸುದ್ದಿಯನ್ನು ಅವಳಿಗೆ ಹೇಳಿರಲಿಲ್ಲ. ಆ ಭಾನುವಾರ ಮನೆಗೆ ಬಂದವಳೇ ಫೋನ್ ಮಾಡಿ ಹೇಳಿದೆ.

“ಅಮ್ಮಾ,” ಎಂದಳು, ಅಪರೂಪಕ್ಕೆ ಪೂರ್ತಿ ಕನ್ನಡದಲ್ಲಿ, “ನನ್ನ ಕೋಪ ಇನ್ನೂ ಹೋಗಿಲ್ಲ. ಈಗ ಯಾರ ಹತ್ರ ಜಗಳ ಆಡ್ಲಿ?”